ಎರಡು ಮನೆಯಲ್ಲಿ ಬರೆದ ಎಮ್ಮೆ

ಎಂಬತ್ತೆರಡನೇ ಇಸವಿಯ ಜಾನುವಾರು ಗಣತಿಗೆ ನನ್ನನ್ನು ದಿನಗೂಲಿಯ ಮೇಲೆ ತೆಗೆದುಕೊಂಡಾಗ, ಕುರುಗೋಡಿನ ದನಗಳೆಲ್ಲ ಇನ್ನು ನನ್ನ ಅಪ್ಪಣೆಯಲ್ಲಿ ಇರುತ್ತವೆ ಎಂದು ನಾನು ತಿಳಿದಿದ್ದೆ. ಬಳ್ಳಾರಿಯಲ್ಲಿ ನಮಗೆ ಒಂದು ದಿನದ ತರಬೇತಿ ಕೊಟ್ಟಿದ್ದರು. ಊಟವಾದ ಮೇಲೆ, ಫ್ಯಾನು ತಿರುಗುತ್ತಿದ್ದ ಕೋಣೆಯಲ್ಲಿ, ಒಬ್ಬ ಅಧಿಕಾರಿ ಹೇಳಿದರು: ಗೊತ್ತುಮಾಡಿದ ರಾತ್ರಿ ಯಾವ ಪ್ರಾಣಿ ಯಾವ ಗೂಟದಲ್ಲಿ ಇರುತ್ತದೋ ಆ ಗೂಟದ ಲೆಕ್ಕಕ್ಕೇ ಅದನ್ನು ಬರೆಯಬೇಕು. ನಾನು ಮೊದಲರ್ಧ ಕೇಳಿಸಿಕೊಂಡೆ, ಎರಡನೆಯ ಅರ್ಧಕ್ಕೆ ತೂಕಡಿಸಿದೆ, ಎಚ್ಚರವಾದ ಮೇಲೆ ಉಳಿದದ್ದನ್ನು ನಾನೇ ಪೂರ್ತಿಮಾಡಿಕೊಂಡೆ. ಆ ರಾತ್ರಿಯಿಂದ ಹಿಡಿದು, ಮೇಲಿನ ಸಾಹೇಬರು ಬಂದು ತಾಳೆ ನೋಡುವ ತನಕ, ಒಂದು ಪ್ರಾಣಿಯೂ ಊರು ಬಿಟ್ಟು ಕದಲಬಾರದು. ಕದಲಿದರೆ ಕಾನೂನು ಮುರಿದಂತೆ.

ಹೀಗಾಗಿ ಮೊದಲ ದಿನ ಬೆಳಿಗ್ಗೆ ಬಳ್ಳಾರಿಯ ಬಸ್ಸಿನಿಂದ ಇಳಿದವನು ಚಹಾ ಕೂಡ ಕುಡಿಯದೆ ಹೊಲದ ದಾರಿಗೆ ಅಡ್ಡ ನಿಂತೆ. ಹಿಂಗಾರಿ ಬಿತ್ತನೆಯ ದಿನಗಳು. ಮೈಲಾರಲಿಂಗಪ್ಪ ಎಂಬ ರೈತ ಎತ್ತು ಹೂಡಿಕೊಂಡು, ಗಾಡಿಯ ಮೇಲೆ ಕೂರಿಗೆ ಹೇರಿಕೊಂಡು ಬರುತ್ತಿದ್ದ.

“ಎತ್ತು ಊರು ಬಿಟ್ಟು ಹೋಗಂಗಿಲ್ರಿ. ಇನ್ನಾ ಬರ್ಕೊಂಡಿಲ್ಲ,” ಎಂದೆ.

ಅವನು ಗಾಡಿ ನಿಲ್ಲಿಸಿ ನನ್ನನ್ನು ಎದೆಯ ಬಿಲ್ಲೆಯಿಂದ ಚಪ್ಪಲಿಯ ತನಕ ನೋಡಿದ.

“ಎತ್ತು ಇಲ್ಲೇ ಇರ್ಲಿ ಅಂತೀಯ. ಹಂಗಾದ್ರ ಕೂರಿಗಿ ನೀ ಎಳಿತೀಯೇನಪಾ?”

“ಸರ್ಕಾರದ ರೂಲ್ಸ್ ರಿ.”

“ಭೂಮಿ ಹಸಿ ಆರಿದ್ರ ಬಿತ್ತಾಕ ಬರಂಗಿಲ್ಲ ಅನ್ನೋದು ಸರ್ಕಾರಕ್ಕ ಗೊತ್ತೈತೇನು? ಬಾ, ಗಾಡಿ ಹತ್ತು. ಹಿಂದ ಕುಂತು ಎಣಿಸ್ಕ್ಯಂತ ಬಾ. ಎರಡ ಅದಾವು, ತಪ್ಪಂಗಿಲ್ಲ.”

ಅವನ ಹಿಂದೆ ನಿಂತ ಗಾಡಿಗಳವರು ನಗಲಿಲ್ಲ. ಬಿತ್ತನೆಯ ಹೊತ್ತಿನಲ್ಲಿ ನಗುವುದಕ್ಕೂ ಬಿಡುವಿಲ್ಲ. ನಾನು ಕಾನೂನನ್ನು ಕೊಂಚ ಸಡಿಲಿಸಿದೆ. ಹೊಲವೂ ಊರೊಳಗೇ ಎಂದು ತಿಳಿಯೋಣ, ಸಂಜೆಗೆ ಅದೇ ಗೂಟಕ್ಕೆ ಬಂದರೆ ಸಾಕು. ಆದರೆ ಮಾರಿ ಪರಊರಿಗೆ ದಾಟಿಸುವಂತಿಲ್ಲ. ಇದೊಂದನ್ನು ಮಾತ್ರ ಬಿಡಲಿಲ್ಲ. ಬಿಟ್ಟಿದ್ದರೆ ವಿರೂಪಮ್ಮನ ವಿಷಯದಲ್ಲಿ ಬರೆಯುವುದಕ್ಕೆ ನನಗೆ ಏನೂ ಇರುತ್ತಿರಲಿಲ್ಲ.

ವಿರೂಪಮ್ಮನ ಮನೆ ಮೈಲಾರಲಿಂಗಪ್ಪನ ಮನೆಗೆ ಅಂಟಿಕೊಂಡೇ ಇತ್ತು. ಒಳಗೆ ಕಾಲಿಟ್ಟರೆ ಮೊದಲು ದನ ಕಟ್ಟುವ ಅಂಕಣ, ಅದರ ಹಿಂದೆ ಒಲೆ. ನಡುವೆ ಗೋಡೆ ಇರಲಿಲ್ಲ, ಮೇವು ಹಾಕುವ ಗ್ವಾದಲಿ ಇತ್ತು. ಎಮ್ಮೆ ತಲೆ ಎತ್ತಿದರೆ ಒಲೆ ಕಾಣುತ್ತಿತ್ತು. ಒಲೆಯ ಮುಂದೆ ಕೂತವರು ತಲೆ ಎತ್ತಿದರೆ ಎಮ್ಮೆಯ ಮುಖ. ಆಕೆಗೆ ಐವತ್ತರ ಮೇಲೆ ವಯಸ್ಸು. ತೆಳ್ಳಗೆ, ಎತ್ತರಕ್ಕೆ, ಮಾತಾಡುವಾಗ ಎದುರಿನವರ ಮುಖ ನೋಡುತ್ತಿರಲಿಲ್ಲ. ಕೈಯಲ್ಲಿ ಯಾವಾಗಲೂ ಏನಾದರೂ ಇರುತ್ತಿತ್ತು, ಪುಟ್ಟಿಯೋ ಪೊರಕೆಯೋ.

“ದನ ಎಷ್ಟು ಅದಾವು?” ಎಂದು ಕೇಳಿದೆ.

“ಒಂದು ಎಮ್ಮಿ.”

“ವಯಸ್ಸು?”

“ಈ ಗೂಟಕ್ಕ ಬಂದ ಮ್ಯಾಲೆ ಬರೋದು ನಾಕನೇ ದೀವಳಿಗಿ.”

“ಗಬ್ಬ ಐತೇನು?”

ಆಕೆ ಎಮ್ಮೆಯ ಹೊಟ್ಟೆಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ. “ನೀನು ಪ್ಯಾಟಿಯವನೇನು?” ಎಂದಳು. ನಾನು ಬಳ್ಳಾರಿಯ ಕೌಲ್ ಬಜಾರಿನವನು. ಇನ್ನೇನು ನಾಲ್ಕಾರು ದಿನದಲ್ಲಿ ಈಯುವ ಎಮ್ಮೆ ಅದು, ಹೊಟ್ಟೆ ಎರಡೂ ಕಡೆ ಜೋಲಿತ್ತು. ಬರೆದುಕೊಂಡೆ: ಎಮ್ಮೆ, ಹೆಣ್ಣು, ಮೂರು ವರ್ಷ ಮೀರಿದ್ದು, ಇನ್ನೂ ಈಯದ್ದು, ಒಂದು.

ಅದು ಯಾರ ಎಮ್ಮೆ ಎಂದು ನಾನು ಕೇಳಲಿಲ್ಲ. ಕೇಳಬೇಕೆಂದು ತಲೆಗೂ ಬರಲಿಲ್ಲ. ಸಂಜೆ ಮೈಲಾರಲಿಂಗಪ್ಪನ ಜಗಲಿಯಲ್ಲಿ ಕೂತು ಅಂದಿನ ಬರಹವನ್ನು ತಿದ್ದುತ್ತಿದ್ದಾಗ ಅವನ ಹೆಂಡತಿ ಮಾರೆಮ್ಮ ಹೇಳಿದಳು.

“ಅದು ಆಕಿ ಎಮ್ಮಿ ಅಲ್ಲ. ಪಾಲಿಂದು. ಶೇಂಗಾ ವ್ಯಾಪಾರದ ಗಾದಿಲಿಂಗಪ್ಪನೋರ ಮನೀದು.”

ಪಾಲಿಗೆ ಕಟ್ಟುವುದು ಎಂದರೆ ಹೀಗೆ. ಉಳ್ಳವರ ಮನೆಯಲ್ಲಿ ಹಾಲು ಬಿಟ್ಟ ಹೆಣ್ಣು ಕರುವನ್ನು ಇಲ್ಲದವರ ಗೂಟಕ್ಕೆ ಕೊಡುತ್ತಾರೆ. ಮೇವು, ನೀರು, ಚಾಕರಿ ಎಲ್ಲ ಸಾಕುವವರದು. ಅದು ಬೆಳೆದು ಗಬ್ಬವಾಗಿ ಮೊದಲ ಸಲ ಈದ ಮೇಲೆ ತಾಯಿ ಮಾಲೀಕರ ಮನೆಗೆ ಹೋಗುತ್ತದೆ, ಹುಟ್ಟಿದ ಕರು ಸಾಕಿದವರದಾಗುತ್ತದೆ. ಹಾಲು ಕುಡಿಯುವಷ್ಟು ಕಾಲ ಕರು ತಾಯಿಯ ಹಿಂದೆ ಹೋಗಿದ್ದು, ಹಾಲು ಬಿಟ್ಟ ಮೇಲೆ ಸಾಕಿದವರ ಮನೆಗೆ ಮರಳಬೇಕು. ಇದಕ್ಕೆ ಕಾಗದ ಇಲ್ಲ. ಕೊಟ್ಟವರ ಬಾಯಿ, ತಗೊಂಡವರ ಕಿವಿ, ಅಷ್ಟೇ.

ವಿರೂಪಮ್ಮ ಹಚ್ಚೊಳ್ಳಿಯಲ್ಲಿ ಹುಟ್ಟಿದವಳು, ಹೊಳೆಯ ದಂಡೆಯ ಊರು. ಎಮ್ಮೆಯ ಬೆನ್ನ ಮೇಲೆ ಕೂತು ಹೊಳೆಗೆ ಇಳಿಯುತ್ತಿದ್ದಳಂತೆ. ಮದುವೆಯಾಗಿ ಈ ಬಂಡೆಗಳ ಊರಿಗೆ ಬಂದಳು. ಗಂಡ ಕಲ್ಲು ಒಡೆಯುತ್ತಿದ್ದ. ಒಂದು ದಿನ ಕಲ್ಲು ಅವನ ಮೇಲೆಯೇ ಉರುಳಿತು. ಆಮೇಲೆ ಆಕೆ ಹಿಡಿದದ್ದು ಪಾಲಿನ ಎಮ್ಮೆ ಸಾಕುವ ಕೆಲಸ. ಒಂದು ಹೋದರೆ ಇನ್ನೊಂದು ಕರು ಬರುತ್ತಿತ್ತು. ಆಕೆ ಕಟ್ಟಿದ ಎಮ್ಮೆ ಒದೆಯುವುದಿಲ್ಲ, ಕದ್ದು ಮೇಯುವುದಿಲ್ಲ ಎಂದು ಮಾಲೀಕರು ಹುಡುಕಿಕೊಂಡು ಬಂದು ಕರು ಕೊಡುತ್ತಿದ್ದರು. ಇಷ್ಟು ವರ್ಷದಲ್ಲಿ ಆಕೆಯ ಪಾಲಿಗೆ ಬಂದದ್ದೆಲ್ಲ ಕೋಣಗರು. ಕೋಣಗರುವನ್ನು ಯಾರೂ ಮನಸ್ಸಿಟ್ಟು ಸಾಕುವುದಿಲ್ಲ. ಅದರ ಪಾಲಿನ ಹಾಲನ್ನೂ ಹಿಂಡಿಕೊಳ್ಳುತ್ತಾರೆ. ಹೋದವು ಹೋದ ಕಡೆಯೇ ಉಳಿದವು, ಇಲ್ಲವೇ ಬಂದು ಸತ್ತವು. ಒಂದೇ ಒಂದು ಸಲ ಹೆಣ್ಣು ಕರು ಹುಟ್ಟಿತ್ತು. ಅದು ಬೇರೆ ಮಾಲೀಕರದು. ತಾಯಿಯ ಹಿಂದೆ ಹೋದ ಕರು ಅಲ್ಲಿಯೇ ಸತ್ತಿತು ಎಂದು ಹೇಳಿ ಕಳಿಸಿದರು. ಆಕೆ ಹೋಗಿ ನೋಡಲಿಲ್ಲ.

“ಅಳಲಿಲ್ಲೇನು?” ಎಂದು ಮಾರೆಮ್ಮನನ್ನು ಕೇಳಿದೆ.

“ಆಕಿ ಅತ್ತಿದ್ದು ಈ ಓಣ್ಯಾಗ ಯಾರೂ ಕಂಡಿಲ್ಲ. ಎಮ್ಮಿ ಒಯ್ಯಾಕ ಬಂದ್ರ ತಾನಽ ಬಿಚ್ಚಿ ಕೊಡ್ತಾಳ, ಕೊಳ್ಳಾಗಿನ ಕಣ್ಣಿ ಮಾತ್ರ ಇಟ್ಕೊಂತಾಳ. ಆಮ್ಯಾಲೆ ಸಗಣಿ ಬಳೀತಾಳ. ಮಗಳನ್ನ ಸಿರಿಗೇರಿಗೆ ಕೊಟ್ಟಾಗೂ ಹಂಗಽ. ಬಸ್ ಹತ್ತಿಸಿ ಬಂದ್ಲು, ಪೊರಕಿ ಹಿಡಿದ್ಲು. ‘ಅದೂ ಪಾಲಿಗೆ ಕಟ್ಟಿದ್ದಽ’ ಅಂದ್ಲು. ನಗಬೇಕೋ ಬಿಡಬೇಕೋ ನಮಗ ತಿಳೀಲಿಲ್ಲ.”

ಗಣತಿಯ ಕೆಲಸ ಹೊರಗಿನಿಂದ ನೋಡಿದಷ್ಟು ಸುಲಭವಲ್ಲ, ಒಳಗಿನಿಂದ ನೋಡಿದಷ್ಟು ಕಷ್ಟವೂ ಅಲ್ಲ. ಮನೆ ಮನೆಗೆ ಹೋಗಿ ಕೇಳುವುದು, ಹೇಳಿದ್ದನ್ನು ಬರೆಯುವುದು. ತೊಂದರೆ ಏನೆಂದರೆ ಜನ ಹೇಳುವ ಅಂಕಿಗೂ ಕೊಟ್ಟಿಗೆಗೂ ನಡುವೆ ಜನರ ಮನಸ್ಸು ಇರುತ್ತದೆ. ಕುರಿ ಇದ್ದವರು ಬಾಯಿ ಬಿಡುವುದಿಲ್ಲ. ಎಣಿಸಿದ ಕುರಿ ಕರಗುತ್ತದೆ ಎಂಬ ನಂಬಿಕೆ. “ಎಷ್ಟು?” ಎಂದರೆ “ದೇವರು ಕೊಟ್ಟಷ್ಟು” ಎನ್ನುತ್ತಾರೆ. ಆ ಉತ್ತರ ಬರೆಯಲು ನಮೂನೆಯಲ್ಲಿ ಜಾಗವಿಲ್ಲ. ಬ್ಯಾಂಕಿನಿಂದ ಎಮ್ಮೆ ಕೊಡಿಸುತ್ತಾರೆ ಎಂದು ಕೇಳಿದವರು ಇರುವ ಎಮ್ಮೆಯನ್ನು ಹಿತ್ತಲಿಗೆ ಸಾಗಿಸುತ್ತಾರೆ. ಪಾಲಿನ ಎಮ್ಮೆಯ ವಿಷಯದಲ್ಲಿ ಮಾತ್ರ ನನಗೆ ಇಂಥ ತೊಂದರೆ ಇಲ್ಲವೆಂದು ಹೆಮ್ಮೆಯಿತ್ತು. ಗಾದಿಲಿಂಗಪ್ಪನವರು ಆ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಮಗ ಕೊಟ್ಟೂರಪ್ಪ ವ್ಯಾಪಾರ ನೋಡಿಕೊಳ್ಳುತ್ತಿದ್ದ. ಅವನ ಮನೆಗೆ ಹೋದಾಗ ಅವನು ಮುಚ್ಚುಮರೆಯಿಲ್ಲದೆ ಹೇಳಿದ: “ಎಮ್ಮಿ ಮೂರು. ಎರಡು ಇಲ್ಲಿ, ಒಂದು ಓಣ್ಯಾಗ ಐತಿ.” ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡು ಮೂರು ಎಂದು ಬರೆದೆ. ಇಂಥ ಒಳ್ಳೆಯ ಮನುಷ್ಯರು ಊರಲ್ಲಿ ಬಹಳ ಮಂದಿ ಸಿಕ್ಕರು. ದಿನ ಹೋದಂತೆ ಕುರುಗೋಡಿನ ಎಮ್ಮೆಗಳು ಹೆಚ್ಚುತ್ತ ಹೋದವು. ಕ್ಷೀರಕ್ರಾಂತಿ ಎಂದು ಪೇಪರಿನಲ್ಲಿ ಬರುತ್ತಿದ್ದದ್ದು ನನ್ನ ಕೈಯಲ್ಲೇ ಆಗುತ್ತಿದೆ ಎನ್ನಿಸಿತು.

ಒಂದು ಮಧ್ಯಾಹ್ನ ನಾನು ಅದೇ ಜಗಲಿಯಲ್ಲಿ ಬುತ್ತಿ ಬಿಚ್ಚಿ ಕೂತಿದ್ದೆ. ಕೊಟ್ಟೂರಪ್ಪ ಬಂದ. ಜೊತೆಗೆ ಸಿರುಗುಪ್ಪದ ದಲ್ಲಾಳಿ ಹೊನ್ನೂರಪ್ಪ. ಸಿರುಗುಪ್ಪದ ಕಡೆ ಕಾಲುವೆ ನೀರು, ಭತ್ತದ ಹುಲ್ಲು ಬೇಕಾದಷ್ಟು. ಅಲ್ಲಿನ ಗದ್ದೆಯವರು ಹಾಲಿನ ಎಮ್ಮೆ ಹುಡುಕಿ ಕೊಳ್ಳುತ್ತಿದ್ದರು. ಹೊನ್ನೂರಪ್ಪ ಎಮ್ಮೆಯ ಸುತ್ತ ಬಂದು, ಕೆಚ್ಚಲು ಮುಟ್ಟಿ, ಚೆನ್ನಾಗಿದೆ ಎಂದು ತನ್ನಷ್ಟಕ್ಕೆ ತೆಲುಗಿನಲ್ಲಿ “ಬಾಗುಂದಿ” ಎಂದ.

“ವಿರೂಪಮ್ಮ, ಎಮ್ಮಿ ಬಿಚ್ಚು. ಸಿರುಗುಪ್ಪಾಕ ಕೊಟ್ಟೀನಿ,” ಎಂದ ಕೊಟ್ಟೂರಪ್ಪ.

“ಈದಿಲ್ಲ,” ಎಂದಳು ಆಕೆ.

“ಅಲ್ಲೇ ಈಯಲಿ.”

“ಕರ ನಂದು.”

“ಅಪ್ಪ ಏನು ಮಾತಾಡಿದ್ನೋ ನನಗ ಗೊತ್ತಿಲ್ಲ. ಆತೇಳು, ಹೆಣ್ಣು ಕರ ಆದ್ರ ಕಳಸ್ತಾರ.”

“ಪಂಪಿಸ್ತಾಂ ಲೇಮ್ಮಾ, ಯಾಕ ಕಳಸಲ್ಲ,” ಎಂದ ಹೊನ್ನೂರಪ್ಪ. ಮಾರೆಮ್ಮ ಗೋಡೆಯ ಆಚೆಯಿಂದ ಕೆಮ್ಮಿದಳು. ಸಿರುಗುಪ್ಪಕ್ಕೆ ಹೋದ ಕರು ಬಸ್ಸು ಹಿಡಿದು ಕುರುಗೋಡಿಗೆ ವಾಪಸು ಬಂದದ್ದನ್ನು ಯಾರೂ ಕಂಡಿರಲಿಲ್ಲ.

ವಿರೂಪಮ್ಮ ಕೈಯಲ್ಲಿದ್ದ ಮೇವಿನ ಪುಟ್ಟಿಯನ್ನು ಗ್ವಾದಲಿಗೆ ಸುರಿದಳು. ಪುಟ್ಟಿಯನ್ನು ಮೂಲೆಗೆ ಇಟ್ಟಳು. ಗೂಟದ ಹತ್ತಿರ ಕುಕ್ಕುರುಗಾಲಲ್ಲಿ ಕೂತು ಕಣ್ಣಿಯ ಗಂಟು ಬಿಚ್ಚತೊಡಗಿದಳು.

“ಏ ಹುಚ್ಚಿ, ಬಿಚ್ಚಿ ಕೊಡ್ತೀಯಲ್ಲ,” ಎಂದಳು ಮಾರೆಮ್ಮ.

“ಈಯೋ ತನಕ ಇದರಾಗ ನಂದೇನೈತಿ?” ಎಂದಳು ಆಕೆ. ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ನಾಳೆ ಸಂತೆಯಿದೆ ಎಂದಂತೆ ಹೇಳಿದಳು.

ನನಗೆ ಆಕೆಯ ಮೇಲೆ ಕರುಣೆ ಉಕ್ಕಿತು ಎಂದು ಬರೆದರೆ ನನಗೂ ಒಳ್ಳೆಯದು, ಓದುವವರಿಗೂ ಒಳ್ಳೆಯದು. ಉಕ್ಕಿದ್ದು ಕಾನೂನು. ನಾನು ಬುತ್ತಿ ಬಿಟ್ಟು ಎದ್ದು, ಎಂಜಲು ಕೈಯಲ್ಲೇ ಅಡ್ಡ ಹೋದೆ.

“ಇದನ್ನ ಒಯ್ಯಂಗಿಲ್ರಿ. ಇಲ್ಲಿ ಬರ್ದೀನಿ. ಸಾಹೇಬ್ರು ಬಂದು ತಾಳಿ ನೋಡೋ ತನಕ ಊರು ಬಿಡಂಗಿಲ್ಲ.”

“ಇಲ್ಲಿ ಬರ್ದೀಯ? ಮೊನ್ನಿ ನಮ್ಮನ್ಯಾಗೂ ಬರ್ಕೊಂಡಿಯಲ್ಲೋ. ನಿನ್ನ ಲೆಕ್ಕದಾಗ ಇದು ಎಲ್ಲೈತಿ, ಅಲ್ಲೋ ಇಲ್ಲೋ?”

ನಾನು ಯೋಚಿಸಿದೆ. ಆ ಹೊತ್ತಿಗೆ ಬಂದ ಉತ್ತರ ಒಂದೇ. “ಎರಡೂ ಕಡಿ,” ಎಂದೆ.

ಹೊನ್ನೂರಪ್ಪ ಕೊಟ್ಟೂರಪ್ಪನ ಕಡೆ ತಿರುಗಿದ. “ದಣೀ, ಎರಡೂ ಕಡಿ ಐತಂತ. ಒಂದು ನನಗ ಕೊಡು, ಇನ್ನೊಂದು ಸರ್ಕಾರಕ್ಕ ಇರ್ಲಿ.”

ಕೊಟ್ಟೂರಪ್ಪ ನಗಲಿಲ್ಲ. ಅವನು ಗೋದಾಮು ಇದ್ದ ಮನುಷ್ಯ. ಸಾಹೇಬರು, ತಾಳೆ ನೋಡುವುದು ಎಂಬ ಮಾತು ಕಿವಿಗೆ ಬಿದ್ದರೆ ಎಮ್ಮೆಯ ಸಾಹೇಬರೋ ಶೇಂಗಾದ ಸಾಹೇಬರೋ ಎಂದು ವಿಚಾರಿಸುವ ಜಾತಿಯವನಲ್ಲ. “ಯಾವಾಗ ಬರ್ತಾರ?” ಎಂದ. “ಈ ವಾರದಾಗ,” ಎಂದೆ. “ಅವರು ಬಂದು ಹೋಗ್ಲಿ ತಡಿ,” ಎಂದು ದಲ್ಲಾಳಿಯನ್ನು ಕರೆದುಕೊಂಡು ಹೋದ.

ವಿರೂಪಮ್ಮ ಅರ್ಧ ಬಿಚ್ಚಿದ್ದ ಗಂಟನ್ನು ಮತ್ತೆ ಬಿಗಿದಳು.

“ಖರೇನು?” ಎಂದಳು.

“ಏನು?”

“ಕಾನೂನು.”

“ಖರೆ,” ಎಂದೆ. ನಂಬಿಯೇ ಹೇಳಿದೆ.

“ಹೂಂ,” ಎಂದು ಪೊರಕೆ ಹುಡುಕಿದಳು.

ಸಾಹೇಬರು ಬರುವ ದಿನ ಬೆಳಿಗ್ಗೆ ನಾನು ಬಸ್ಸಿಳಿದು ಓಣಿಗೆ ಬಂದರೆ ಮಾರೆಮ್ಮ ಬಾಗಿಲಲ್ಲೇ ನಿಂತಿದ್ದಳು. “ಈತು. ಹೆಣ್ಣು,” ಎಂದಳು. ಒಳಗೆ ಹೋಗಿ ನೋಡಿದೆ. ಕರು ಇನ್ನೂ ಕಾಲುಗಳನ್ನು ತನ್ನವೆಂದು ಒಪ್ಪಿಕೊಂಡಿರಲಿಲ್ಲ; ಎದ್ದು, ಬಿದ್ದು, ಮತ್ತೆ ಏಳುತ್ತಿತ್ತು. ತಾಯಿ ಅದನ್ನು ಬಿಡದೆ ನೆಕ್ಕುತ್ತಿತ್ತು. ವಿರೂಪಮ್ಮ ಮಾಸು ಎತ್ತಿ ಹಾಕಿ ಬಂದು ಕೈ ತೊಳೆಯುತ್ತಿದ್ದಳು. ಆಕೆಯ ಮುಖ ಹಿಂದಿನ ದಿನದ್ದೇ. ನನಗೆ ಒಂದು ಲೋಟದಲ್ಲಿ ಗಿಣ್ಣ ಕೊಟ್ಟಳು. ಬೆಲ್ಲ ಕಡಿಮೆಯಿತ್ತು.

“ಮೊದಲನೇ ಗಿಣ್ಣ ಕೊಟ್ಟೂರಪ್ಪನ ಮನಿಗೆ ಕೊಟ್ಟು ಬಂದಾಳ,” ಎಂದಳು ಮಾರೆಮ್ಮ. “ಬ್ಯಾಡ, ತಾಳು, ಎರಡು ದಿನ ಸುಮ್ನಿರು ಅಂತ ಬಡ್ಕೊಂಡೆ.”

“ಮಾಲೀಕರಿಗೆ ಮೊದಲು ಕೊಡಬೇಕು,” ಎಂದಳು ವಿರೂಪಮ್ಮ.

“ಅವರಿಗೆ ಸುದ್ದಿ ಕೊಟ್ಟಂಗ ಆತಲ್ಲ.”

“ಆತು.”

ಚಿದಾನಂದಪ್ಪ ಸಾಹೇಬರು ಹತ್ತು ಗಂಟೆಯ ಹೊತ್ತಿಗೆ ಮೋಟಾರ್ ಸೈಕಲ್ಲಿನ ಮೇಲೆ ಬಂದರು. ದನದ ದವಾಖಾನೆಯಲ್ಲಿ ಕೆಲಸ ಮಾಡಿ ಮೇಲೆ ಬಂದವರು. ಅವರು ತಾಳೆ ನೋಡುವ ಕ್ರಮ ಹೀಗೆ: ಎಲ್ಲ ಮನೆಗೂ ಹೋಗುವುದಿಲ್ಲ. ನನ್ನ ಪಟ್ಟಿಯಲ್ಲಿ ಹತ್ತಕ್ಕೊಂದು ಮನೆ ಹಿಡಿದು, ಅಲ್ಲಿ ತಾವೇ ನಿಂತು ಎಣಿಸಿ, ನನ್ನ ಅಂಕಿಗೂ ಅವರ ಅಂಕಿಗೂ ಎಷ್ಟು ಅಂತರವೋ ನೋಡಿ, ಊರಿನ ಒಟ್ಟು ಮೊತ್ತವನ್ನು ಆ ಪ್ರಮಾಣಕ್ಕೆ ಏರಿಸುವುದು ಅಥವಾ ಇಳಿಸುವುದು. ಇದು ಬಿಟ್ಟು ಬೇರೆ ದಾರಿಗಳೂ ಇವೆ ಎಂದು ನಡೆಯುತ್ತ ಹೇಳಿದರು. ಬೇನೆಯ ಚುಚ್ಚುಮದ್ದು ಎಷ್ಟು ಖರ್ಚಾಯಿತು ಎಂಬುದರ ಮೇಲೆ ದನ ಎಷ್ಟು ಎಂದು ಅಂದಾಜು ಮಾಡುತ್ತಾರೆ, ಚರ್ಮದ ಮಂಡಿಗೆ ಬಂದ ತೊಗಲಿನ ಮೇಲೆ ಮಾಡುತ್ತಾರೆ. ಅವರೇ ಒಮ್ಮೆ ತೆಕ್ಕಲಕೋಟೆಯ ಕಡೆ, ಸುಗ್ಗಿಯಾದ ಮೇಲೆ ಗೊಬ್ಬರಕ್ಕೆಂದು ಗದ್ದೆಯಲ್ಲಿ ರಾತ್ರಿ ಕುರಿ ತರುಬುವುದನ್ನು ನೋಡಿ, ಒಂದು ಹಿಂಡು ಎಷ್ಟು ಗದ್ದೆ ತುಳಿಯುತ್ತದೆ ಎಂದು ಅಳೆದು ಕುರಿಯ ಸಂಖ್ಯೆ ಕಟ್ಟಿದ್ದರಂತೆ.

“ಸರಿ ಬಂತೇನ್ರಿ?”

“ಎಲ್ಲಿ ಬರತೈತಿ. ಗದ್ದಿಯವನಿಗೆ ಹೆಚ್ಚು ಕಾಣ್ಲಿ ಅಂತ ಕುರುಬ ಹಿಂಡು ಹರವಿ ಮಲಗಿಸಿದ್ದ. ಇದ್ದಿದ್ದು ಅರ್ಧ.”

ಮೊದಲು ಬಿದ್ದದ್ದು ಕೊಟ್ಟೂರಪ್ಪನ ಮನೆ. ಸಾಹೇಬರು ಕೊಟ್ಟಿಗೆಯಲ್ಲಿ ನಿಂತು ಎರಡು ಎಮ್ಮೆ ನೋಡಿದರು, ನನ್ನ ಕಾಗದದಲ್ಲಿ ಮೂರು ನೋಡಿದರು. “ಮೂರನೇದು?” ಎಂದರು. “ಓಣ್ಯಾಗ,” ಎಂದ ಕೊಟ್ಟೂರಪ್ಪ. ಬೆಳಿಗ್ಗೆಯೇ ಸಿರುಗುಪ್ಪಕ್ಕೆ ಹೇಳಿಕಳಿಸಿದ್ದನೇನೋ, ಹೊನ್ನೂರಪ್ಪನೂ ಕಟ್ಟೆಯ ಮೇಲೆ ಕೂತಿದ್ದ. ಎಲ್ಲರೂ ಓಣಿಗೆ ಬಂದೆವು. ವಿರೂಪಮ್ಮನ ಅಂಕಣದಲ್ಲಿ ಎಮ್ಮೆ ನೋಡಿ, ನನ್ನ ಕಾಗದ ತಿರುವಿ, ಸಾಹೇಬರು ಕನ್ನಡಕ ತೆಗೆದರು.

“ಇದು ಇಲ್ಲೂ ಐತಿ, ಅಲ್ಲೂ ಐತಿ. ಈ ಊರಾಗ ಪಾಲಿನ ಎಮ್ಮಿ ಎಷ್ಟು ಅದಾವೋ ಅಷ್ಟೂ ಹಿಂಗ ಬರ್ದೀಯೇನು?”

“ಕೇಳಿದ್ದಕ್ಕ ಹೇಳಿದ್ರು ಸರ್, ಬರ್ದೆ.”

“ತಮ್ಮಾ, ನೀನು ಎಣಿಸಿದ್ದು ಎಮ್ಮಿ ಅಲ್ಲ. ನಂದು ಅನ್ನೋರನ್ನ ಎಣಿಸೀಯ.”

ಬೈಯಲಿಲ್ಲ. ಕೊಟ್ಟೂರಪ್ಪನ ಮನೆಯ ಮೂರನ್ನು ಹೊಡೆದು ಎರಡು ಮಾಡಿದರು. ಊರಿಗೆಲ್ಲ ಎಷ್ಟು ಇಳಿಸಬೇಕೆಂದು ಸಂಜೆ ಕೂತು ನೋಡೋಣ ಎಂದರು. ನನ್ನ ಕ್ಷೀರಕ್ರಾಂತಿ ಅಲ್ಲಿಗೆ ಮುಗಿಯಿತು.

ಕೊಟ್ಟೂರಪ್ಪ ಕೈ ಕಟ್ಟಿಕೊಂಡು ಮುಂದೆ ಬಂದ. “ಸಾಹೇಬ್ರ, ತಾಳಿ ನೋಡಿದ್ದಾತಲ್ರಿ. ಇನ್ನ ಎಮ್ಮಿ ಊರು ದಾಟಿಸಬಹುದೇನ್ರಿ?”

“ಅದನ್ನ ನನಗ್ಯಾಕ ಕೇಳ್ತೀರಿ?”

“ನೀವು ಬರೋ ತನಕ ಕದಲಂಗಿಲ್ಲ ಅಂತ ನಿಮ್ಮ ಹುಡುಗ ಅಂದ.”

ಸಾಹೇಬರು ನನ್ನ ಕಡೆ ನೋಡಿದರು. “ಯಾರಪಾ ನಿನಗ ಹಂಗ ಹೇಳಿದ್ದು?”

“ತರಬೇತ್ಯಾಗ ಸರ್...”

“ಊಟ ಆದಮ್ಯಾಲೇನು?”

“ಹೌದು ಸರ್.”

“ಒಯ್ಯಿರಿ,” ಎಂದರು ಕೊಟ್ಟೂರಪ್ಪನಿಗೆ. “ನಾವು ಎಣಿಸೋರು, ಕಾಯೋರಲ್ಲ.”

ಮೈಲಾರಲಿಂಗಪ್ಪ ಹೊಲಕ್ಕೆ ಹೊರಟವನು ಗಾಡಿ ನಿಲ್ಲಿಸಿಕೊಂಡು ನೋಡುತ್ತಿದ್ದ. “ಹೋಗ್ಲಿ ಬಿಡಪಾ,” ಎಂದ ನನಗೆ, “ಕೂರಿಗಿ ಅಂತೂ ನಿನ್ನ ಹೆಗಲಿಗೆ ಬರಲಿಲ್ಲ.”

ಯಾರೂ ಹೇಳುವ ಮೊದಲೇ ವಿರೂಪಮ್ಮ ಗೂಟದ ಹತ್ತಿರ ಕೂತಿದ್ದಳು. ಗಂಟು ಬಿಚ್ಚಿ, ಎಮ್ಮೆಯ ಕೊರಳಿನಿಂದ ಕಣ್ಣಿ ತೆಗೆದಳು. ಹೊನ್ನೂರಪ್ಪ ತಾನು ತಂದ ಹಗ್ಗ ಹಾಕಿದ. ಇಲ್ಲಿಯ ತನಕ ಎಲ್ಲವೂ ಮಾರೆಮ್ಮ ಹೇಳಿದ್ದಂತೆಯೇ ನಡೆಯಿತು. ಆಮೇಲೆ ಆಕೆ ಪೊರಕೆ ಹಿಡಿಯಲಿಲ್ಲ. ಆ ಕಣ್ಣಿಯನ್ನು ಕರುವಿನ ಕೊರಳಿಗೆ ಹಾಕಿದಳು. ಅದು ದೊಡ್ಡದಾಯಿತು, ಎರಡು ಸುತ್ತು ಸುತ್ತಿ ಗಂಟು ಹಾಕಿ, ತುದಿಯನ್ನು ಖಾಲಿಯಾದ ಗೂಟಕ್ಕೆ ಬಿಗಿದಳು. ಬಿಗಿದು ಅದರ ಮಗ್ಗುಲಿಗೆ ಕೂತಳು.

“ಕರ ಬಿಡಮ್ಮ,” ಎಂದ ಹೊನ್ನೂರಪ್ಪ.

“ಕರ ನಂದು.”

“ನಿಂದ ಇರ್ಲಿ, ಯಾರು ಬ್ಯಾಡಂದ್ರು. ಹಾಲು ಬಿಟ್ಟಮ್ಯಾಲೆ ಕಳಸ್ತೀವಿ.”

“ಇಲ್ಲೇ ಇರತೈತಿ.”

ಹೊನ್ನೂರಪ್ಪ ಎಮ್ಮೆಯನ್ನು ಎಳೆದ. ಅದು ಬಾಗಿಲ ತನಕ ಬಂದು, ತಿರುಗಿ ಕರುವನ್ನು ನೋಡಿ, ಕಾಲು ಊರಿ ನಿಂತಿತು. ಹಿಂದಿನಿಂದ ಕೊಟ್ಟೂರಪ್ಪ ನೂಕಿದ. ಎಮ್ಮೆ ಇಬ್ಬರನ್ನೂ ಎಳೆದುಕೊಂಡು ಒಳಗೆ ಬಂದು ಕರುವಿನ ಹತ್ತಿರ ನಿಂತು ನೆಕ್ಕತೊಡಗಿತು. ದಲ್ಲಾಳಿ ಹಗ್ಗ ಕೈಬಿಟ್ಟ.

“ದಣೀ, ಕರ ಇಲ್ದ ಇದನ್ನ ನಾ ಒಯ್ಯಂಗಿಲ್ಲ. ಮೊದಲನೇ ಸೂಲು. ಕರ ಕಣ್ಣ ಮುಂದ ಇಲ್ದಿದ್ರ ತೊರಿ ಬಿಡಂಗಿಲ್ಲ, ಒಂದು ಹನಿ ಹಾಲು ಇಳಿಯಂಗಿಲ್ಲ. ಕೊಂಡವರು ಎಮ್ಮಿ ಜತಿ ನನ್ನೂ ಕಟ್ಟಿಹಾಕ್ತಾರ.”

ಕೊಟ್ಟೂರಪ್ಪ ಅಂಗಿಗೆ ಹತ್ತಿದ ಸಗಣಿ ಒರೆಸಿಕೊಂಡ. “ವಿರೂಪಮ್ಮ, ಹಟ ಮಾಡಬ್ಯಾಡ. ಬಸವಣ್ಣನ ಆಣಿ ಮಾಡಿ ಹೇಳ್ತೀನಿ, ಕರ ವಾಪಸ್ ಬರತೈತಿ. ನಮ್ಮಪ್ಪನ ಮಾತು ನಾ ಮುರಿಯಂಗಿಲ್ಲ.”

“ನಿಮ್ಮಪ್ಪನ ಮಾತು ನಿನಗ ಗೊತ್ತಿಲ್ಲ ಅಂದಿದ್ದಿಯಲ್ಲ,” ಎಂದಳು ಮಾರೆಮ್ಮ.

“ನೀ ಸುಮ್ನಿರಬೇ.”

ಸಾಹೇಬರು ಈ ನಡುವೆ ತಮ್ಮ ಕೆಲಸ ಮುಗಿಸಿಕೊಳ್ಳುತ್ತಿದ್ದರು. ಎಮ್ಮೆಯನ್ನು ವಿರೂಪಮ್ಮನ ಮನೆಯ ಲೆಕ್ಕದಲ್ಲಿ ಹಾಗೆಯೇ ಬಿಟ್ಟರು. ಗೊತ್ತುಮಾಡಿದ ರಾತ್ರಿ ಅದು ಇಲ್ಲಿಯೇ ಇತ್ತು. ಕರುವನ್ನು ನಾನು ಹೊಸದಾಗಿ ಸೇರಿಸಲು ಹೋದಾಗ ಕೈ ಅಡ್ಡ ಹಿಡಿದರು. ಆ ರಾತ್ರಿಯ ನಂತರ ಹುಟ್ಟಿದ್ದು ಲೆಕ್ಕಕ್ಕೆ ಬರುವುದಿಲ್ಲ.

“ಹಂಗಾದ್ರ ಇದು?” ಎಂದೆ.

“ಗಣತಿ ಪ್ರಕಾರ ಹುಟ್ಟಿಲ್ಲ.”

“ಹುಟ್ಟಿಲ್ಲಂದ್ರ ಇಲ್ಲಿ ಉಚ್ಚಿ ಹೊಯ್ಯಾಕ ಹತ್ತಿದ್ದು ಯಾರು?” ಎಂದಳು ಮಾರೆಮ್ಮ.

ಹೀಗಾಗಿ ಆಕೆಯದಲ್ಲದ ಎಮ್ಮೆ ಆಕೆಯ ಹೆಸರಿನ ಮುಂದೆ ಉಳಿಯಿತು, ಆಕೆಯದಾದ ಕರು ಎಲ್ಲಿಯೂ ಬರಲಿಲ್ಲ. ವಿರೂಪಮ್ಮ ಇದನ್ನು ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ. ಕರು ತಾಯಿಯ ಕಡೆ ಜಗ್ಗುತ್ತಿತ್ತು. ಆಕೆ ಕಣ್ಣಿಯನ್ನು ಗಿಡ್ಡ ಮಾಡಿ ಹಿಡಿದಳು. ಕರು ಕತ್ತು ಚಾಚಿದರೂ ಅದರ ಬಾಯಿಗೆ ಕೆಚ್ಚಲು ಸಿಗದಷ್ಟು ಅಂತರವಿತ್ತು.

ಕೊಟ್ಟೂರಪ್ಪ ಸಾಹೇಬರ ಮುಖ ನೋಡಿದ. “ನೀವಾದ್ರೂ ಹೇಳ್ರಿ ಸಾಹೇಬ್ರ. ಎಮ್ಮಿ ನಾ ಇವತ್ತಲ್ಲ ನಾಳಿ ಒಯ್ಯಾವನ. ನಮ್ಮನ್ಯಾಗಾದ್ರೂ ಕಟ್ಕೊಂತೀನಿ. ಆಮ್ಯಾಲೆ ಈ ಕರಕ್ಕ ಏನು ಕುಡಸ್ತಾಳ, ಕೇಳ್ರಿ.”

ಚಿದಾನಂದಪ್ಪ ಸಾಹೇಬರು ಕಾಗದ ಮಡಿಚಿ ನನ್ನ ಕೈಗೆ ಕೊಟ್ಟು, ಆಕೆಯ ಎದುರಿಗೆ ಕುಕ್ಕುರುಗಾಲಲ್ಲಿ ಕೂತರು. ದನದ ದವಾಖಾನೆಯಲ್ಲಿ ಕಾಲ ಕಳೆದವರು. ಕರುವಿನ ಬಾಯಿಯೊಳಗೆ ಬೆರಳಿಟ್ಟು ನೋಡಿ, ಆಮೇಲೆ ಮಾತಾಡಿದರು.

“ಯವ್ವಾ, ತಾಯಿ ಹಾಲಿಲ್ದ ಇದು ಉಳಿಯಂಗಿಲ್ಲ. ನಿನಗ ನಾ ಹೇಳೋದು ಬ್ಯಾಡ. ತಾಯಿ ಜತಿ ಬಿಟ್ಟುಕೊಟ್ರ ಯಾರ ಮನ್ಯಾಗಾದ್ರೂ ಬದುಕತೈತಿ. ಇಷ್ಟು ವರ್ಷ ಮಂದಿ ಎಮ್ಮಿ ಸಾಕಿದಾಕಿ ನೀನು. ಈಗ ನಿನ್ನ ಕೈಯಾರ ಇದನ್ನ ಕೊಲ್ಲತೀಯೇನು?”

ಮಾರೆಮ್ಮ ಸೆರಗು ಬಾಯಿಗೆ ಹಿಡಿದಳು. ವಿರೂಪಮ್ಮ ಕರುವಿನ ಕಣ್ಣಿನ ಮೇಲೆ ಕೂತ ನೊಣವನ್ನು ಕೈಯಿಂದ ಓಡಿಸಿದಳು.

“ಸತ್ರ ಸಾಯಲಿ. ನಂದಾಗಿ ಸಾಯಲಿ.”